ಎಡಗಡೆ ಸೀಟಿನ ಬ್ರೇಕು

ಉಡುಪಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ನಾನು ಜನರಿಗೆ ಕಾರು ಬಿಡಲು ಕಲಿಸುತ್ತಿದ್ದೇನೆ. ಡಾಕ್ಟರುಗಳು, ವಕೀಲರು, ದೇವಸ್ಥಾನದ ಭಟ್ಟರು, ಮಣಿಪಾಲದ ವಿದ್ಯಾರ್ಥಿಗಳು, ಮದುವೆಗೆ ಮೊದಲು ಲೈಸನ್ಸ್ ಆಗಲೇಬೇಕೆಂದು ಹಟ ಹಿಡಿದ ಹುಡುಗಿಯರು, ಎಲ್ಲರೂ ನನ್ನ ಬಲಬದಿಯಲ್ಲಿ ಕುಳಿತು ಬೆವರಿದವರೇ. ನಾನು ಸಿಡುಕ. ಗೇರು ಕರಕರ ಎಂದರೆ ನನ್ನ ಹಲ್ಲು ಕಟಕಟ ಎನ್ನುತ್ತದೆ. ಬೈದದ್ದಕ್ಕೆ ಅಳುತ್ತಾ ಇಳಿದು ಹೋದವರಿದ್ದಾರೆ, ಮರುದಿನ ಮನೆಯಲ್ಲಿ ಮಾಡಿದ ಪತ್ರೊಡೆ ತಂದುಕೊಟ್ಟವರೂ ಇದ್ದಾರೆ.

ಕಲಿಸುವ ಕಾರಿನಲ್ಲಿ ಎಡಗಡೆ ಕೂರುವ ನನ್ನ ಕಾಲ ಬಳಿಯೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತದೆ. ಕಲಿಯುವವರು ತಪ್ಪಿದರೆ ನಾನು ಒತ್ತಿ ಕಾರು ನಿಲ್ಲಿಸಬೇಕು. ಅದು ಇರುವುದೇ ಅದಕ್ಕೆ. ಆದರೆ ವರ್ಷಗಳು ಕಳೆದ ಹಾಗೆ ನನ್ನ ಬಲಗಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿತು. ಕಲಿಯುವವರು ತಪ್ಪುವ ತನಕ ಅದು ಕಾಯುವುದಿಲ್ಲ. ಅವರು ಬ್ರೇಕಿನ ಮೇಲೆ ಪಾದ ಇಡುತ್ತಿದ್ದಂತೆ ಇದೂ ಮೆಲ್ಲಗೆ ಸೇರಿಕೊಳ್ಳುತ್ತದೆ. ಅವರಿಗೆ ತಾವೇ ನಿಲ್ಲಿಸಿದೆವೆಂಬ ಖುಷಿ, ನನಗೆ ಕಾರಿನ ಮೂತಿ ಉಳಿಯಿತೆಂಬ ಸಮಾಧಾನ. ಬಸ್ಸಿನಲ್ಲಿ ಕುಳಿತರೂ, ಮನೆಯಲ್ಲಿ ಟಿವಿ ನೋಡುವಾಗ ಪರದೆಯಲ್ಲಿ ಕಾರು ಅಡ್ಡ ಬಂದರೂ ಈ ಕಾಲು ನೆಲವನ್ನು ಒತ್ತುತ್ತದೆ.

ನನ್ನ ಹೆಂಡತಿಗೆ ಇದು ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತು. ಕೆಮ್ಮಣ್ಣಿನ ನಮ್ಮ ಮನೆಯಿಂದ ಮಣಿಪಾಲದ ಲ್ಯಾಬಿನ ಕೆಲಸಕ್ಕೆ ಅವಳು ದಿನವೂ ಎರಡು ಬಸ್ಸು ಹಿಡಿಯಬೇಕಿತ್ತು. ಮದುವೆಯಾದ ಮೂರನೇ ವರ್ಷ ನನ್ನಿಂದಲೇ ಕಾರು ಕಲಿಯಲು ಹೊರಟಳು. ಆರನೆಯ ದಿನ ರಸ್ತೆ ಬದಿಯಲ್ಲಿ ನಿಲ್ಲಿಸಿ, "ನಿಮ್ಮ ಜೊತೆ ನನಗೆ ಕಾರು ಬಿಟ್ಟ ಹಾಗೇ ಆಗುವುದಿಲ್ಲ" ಎಂದು ಕೆಳಗಿಳಿದಳು. ನಾನು ನಕ್ಕುಬಿಟ್ಟೆ. ಆಮೇಲೂ ವರ್ಷಗಟ್ಟಲೆ ಅವಳು ಬಸ್ಸಿನಲ್ಲೇ ಹೋದಳು, ಆ ನಗುವನ್ನು ಮರೆಯಲಿಲ್ಲ.

ಎರಡು ವರ್ಷದ ಹಿಂದೆ ಮಾರ್ಚ್ ತಿಂಗಳಲ್ಲಿ ಕಾಪುವಿನಿಂದ ಒಬ್ಬರು ಟೀಚರ್ ನನ್ನ ಆಫೀಸಿಗೆ ಬಂದರು. ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ ಮನೆಯವರು, ವಯಸ್ಸು ಅರವತ್ತು ದಾಟಿತ್ತು. ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕುಳಿತು, ಲೆಕ್ಕದ ಪ್ರಶ್ನೆ ಓದಿ ಹೇಳುವ ಹಾಗೆ ತಮ್ಮ ಅಗತ್ಯವನ್ನು ಹೇಳಿದರು.

"ಮನೆಯಲ್ಲಿ ನನ್ನವರ ಒಂದು ಕಾರು ಉಂಟು. ಅವರು ತೀರಿಹೋಗಿ ಒಂದೂವರೆ ವರ್ಷ ಆಯಿತು. ಕಾರು ಮಾರುವುದು ನಿಶ್ಚಯ ಮಾಡಿ ಆಗಿದೆ. ಮೇ ತಿಂಗಳ ಕೊನೆಯ ಆದಿತ್ಯವಾರ ಬೆಂಗಳೂರಿನಿಂದ ಬಂದು ಕೊಂಡುಹೋಗ್ತಾರೆ. ಅದಕ್ಕಿಂತ ಮೊದಲು ನಾನೇ ಅದನ್ನು ಬಿಟ್ಟುಕೊಂಡು ಒಮ್ಮೆ ಕಾರ್ಕಳಕ್ಕೆ ಹೋಗ್ಬೇಕು. ಆಗ್ತದಾ?"

"ಅದಕ್ಕೆ ಎಂತ ಟೀಚರ್, ಧಾರಾಳ ಆಗ್ತದೆ" ಎಂದೆ. ಯಾವ ಕಾರು ಎಂದು ಕೇಳಲೂ ಇಲ್ಲ. ಅದು ನನ್ನ ಮೊದಲ ತಪ್ಪು.

ಅವರು ಬೇಗ ಕಲಿತರು. ಲರ್ನರ್ಸ್ ಲೈಸನ್ಸ್ ಮಾಡಿಸಿ, ದಿನವೂ ಕಾಪುವಿನಿಂದ ಬಸ್ಸಿನಲ್ಲಿ ಬಂದು, ಮುಕ್ಕಾಲು ಗಂಟೆ ಕಾರು ಬಿಟ್ಟು ಮತ್ತೆ ಬಸ್ಸಿನಲ್ಲೇ ಹಿಂದಿರುಗುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ಏರಿನಲ್ಲಿ ಕಾರು ನಿಲ್ಲಿಸಿ ಮತ್ತೆ ಹೊರಡುವುದಷ್ಟೇ ಅವರಿಗೆ ಕಷ್ಟವಾಗಿತ್ತು. ಪ್ರತಿ ಸಲವೂ ಹಿಂದಕ್ಕೆ ಜಾರುತ್ತಿತ್ತು. ಪ್ರತಿ ಸಲವೂ ನನ್ನ ಕಾಲು ಹಿಡಿದುಕೊಳ್ಳುತ್ತಿತ್ತು. ಮೇ ಮೊದಲ ವಾರ ಮಣಿಪಾಲದಲ್ಲಿ ಟೆಸ್ಟ್ ಆಯಿತು. ನಮ್ಮದೇ ಕಾರು, ಎಡಗಡೆ ನಾನು, ಇನ್ಸ್‌ಪೆಕ್ಟರ್ ಹಿಂದಿನ ಸೀಟಿನಲ್ಲಿ. ಪಾಸಾದರು. ನನಗೆ ಅರ್ಧ ಕಿಲೋ ಗೋಡಂಬಿ ಕೊಟ್ಟು, "ಮಾಷ್ಟ್ರೆ, ಇನ್ನು ನೀವು ಕಾಪುವಿಗೆ ಬರ್ಬೇಕು" ಎಂದರು.

ಕಾಪುವಿನ ಅವರ ಮನೆಯ ಹಿಂದೆ ಶೀಟು ಹಾಕಿದ ಒಂದು ಶೆಡ್ಡು. ಹಳೆಯ ಬೆಡ್‌ಶೀಟುಗಳನ್ನು ಜೋಡಿಸಿ ಹೊಲಿದ ಹೊದಿಕೆಯನ್ನು ಅವರು ಎಳೆದಾಗ ನಾನು ಬಾಯಿ ತೆರೆದವನು ಮುಚ್ಚಲಿಲ್ಲ.

ಅಷ್ಟು ಕುಳ್ಳಗಿನ ಕಾರನ್ನು ನಾನು ಹತ್ತಿರದಿಂದ ನೋಡಿರಲಿಲ್ಲ. ನನ್ನ ಸೊಂಟದವರೆಗೂ ಬರುತ್ತಿರಲಿಲ್ಲ. ಎರಡೇ ಸೀಟು, ಮೇಲೆ ಛಾವಣಿ ಇಲ್ಲ. ಹಸಿರು ಬಣ್ಣ, ಕೆಸುವಿನಂಥ ಮುಂಡಿ ಎಲೆಯ ಹಸಿರು. ಒಳಗೆ ಕಾರ್ಪೆಟ್ ಇಲ್ಲ, ಎಸಿ ಇಲ್ಲ, ಹಾಡು ಕೇಳುವ ಪೆಟ್ಟಿಗೆ ಇಲ್ಲ, ಪವರ್ ಸ್ಟೀಯರಿಂಗ್ ಇಲ್ಲ. ದೇವರ ಫೋಟೋ ಅಂಟಿಸುವುದಕ್ಕೂ ಜಾಗವಿಲ್ಲ. ಎಂಜಿನ್ ಸೀಟಿನ ಬೆನ್ನ ಹಿಂದೆ. ಎಲ್ಲೆಲ್ಲಿ ತೂಕ ತೆಗೆಯಬಹುದೋ ಅಲ್ಲೆಲ್ಲ ತೆಗೆದಿದ್ದರು. ಪೆಡಲುಗಳಿಗೂ ತೂತು ಕೊರೆದಿದ್ದರು. ಡ್ಯಾಶಿನ ಮೇಲೆ ಬೆರಳುದ್ದದ ಒಂದು ಲೋಹದ ಪಟ್ಟಿ, ಅದರಲ್ಲಿ ಎಪ್ಪತ್ತೊಂದು ಎಂಬ ಅಂಕಿ. ಲೆಕ್ಕವಿಟ್ಟು ಕೆಲವೇ ಕಾರು ಮಾಡಿ ನಿಲ್ಲಿಸಿದರಂತೆ, ಅದರಲ್ಲಿ ಇದು ಎಪ್ಪತ್ತೊಂದನೆಯದು.

"ಎಪ್ಪತ್ತೊಂದು ಅವಿಭಾಜ್ಯ ಸಂಖ್ಯೆ. ಅವರಿಗೆ ಅದು ಗೊತ್ತಿರಲಿಲ್ಲ, ನಾನೇ ಹೇಳಿದ್ದು" ಎಂದರು ಟೀಚರ್.

ಅವರ ಗಂಡ ಗಲ್ಫಿನಲ್ಲಿ ಮೂವತ್ತು ವರ್ಷ ಬೇರೆಯವರ ಕಾರುಗಳನ್ನು ರಿಪೇರಿ ಮಾಡಿದವರು. ಊರಿಗೆ ಮರಳಿದ ಮೇಲೆ, ಮುಂಬಯಿಯಲ್ಲಿ ಯಾರೋ ತರಿಸಿ ಬೇಸತ್ತು ಬಿಟ್ಟಿದ್ದ ಈ ಕಾರನ್ನು ಕೊಂಡರು. ಅದೊಂದೇ ಅವರು ಜೀವನದಲ್ಲಿ ಮಾಡಿದ ದುಂದು. ಆದಿತ್ಯವಾರ ಇಗರ್ಜಿಯಿಂದ ಬಂದು, ಆಕಾಶ ನೋಡಿ, ಹೆಂಡತಿಯನ್ನು ಎಡಗಡೆ ಕೂರಿಸಿಕೊಂಡು ಹೆದ್ದಾರಿಯಲ್ಲಿ ಒಂದು ಸುತ್ತು ಹೊಡೆಯುತ್ತಿದ್ದರಂತೆ. ಕಾರ್ಕಳಕ್ಕೆ ಹೋಗೋಣ ಎಂದು ಇವರು ಕೇಳಿದಾಗಲೆಲ್ಲ, "ಆ ರಸ್ತೆಯಲ್ಲಿ ಹಂಪು ಜಾಸ್ತಿ, ತಳ ತಾಗ್ತದೆ, ಇನ್ನೊಮ್ಮೆ ಹೋಗುವ" ಎನ್ನುತ್ತಿದ್ದರಂತೆ. ಆ ಇನ್ನೊಮ್ಮೆ ಬರಲಿಲ್ಲ.

ಕಾರ್ಕಳವೇ ಯಾಕೆ ಎಂದು ನಾನು ಕೇಳಿದ್ದು ಆಗಲೇ. ಟೀಚರ್ ಸ್ಟೀಯರಿಂಗ್ ಒರೆಸುತ್ತಾ ಹೇಳಿದರು. ಅವರ ಗಂಡ ಗಲ್ಫಿನಲ್ಲಿದ್ದ ಕಾಲದಲ್ಲಿ ಮನೆಗೆ ಫೋನಿರಲಿಲ್ಲ. ಶುಕ್ರವಾರ ಅಲ್ಲಿ ರಜೆ. ಶುಕ್ರವಾರ ಸಂಜೆ ಶಾಲೆ ಬಿಟ್ಟ ಮೇಲೆ ಕಾರ್ಕಳ ಬಸ್‌ಸ್ಟ್ಯಾಂಡಿನ ಎದುರಿನ ಎಸ್‌ಟಿಡಿ ಬೂತಿನಲ್ಲಿ ಇವರು ಕಾಯುತ್ತಿದ್ದರು, ಅವರು ಅಲ್ಲಿಗೆ ಫೋನ್ ಮಾಡುತ್ತಿದ್ದರು. ಮೂರು ನಿಮಿಷ, ನಾಲ್ಕು ನಿಮಿಷ. ಕೆಲವು ಶುಕ್ರವಾರ ಲೈನ್ ಸಿಗುತ್ತಿರಲಿಲ್ಲ, ಸುಮ್ಮನೆ ಬಸ್ಸು ಹತ್ತುತ್ತಿದ್ದರು.

"ಅವರ ಸ್ವರ ಅಲ್ಲಿಗೆ ಬರ್ತಾ ಇತ್ತು, ಅವರು ಒಮ್ಮೆಯೂ ಬರಲಿಲ್ಲ. ಅವರ ಕಾರನ್ನಾದರೂ ಅಲ್ಲಿಗೆ ಕೊಂಡುಹೋಗ್ಬೇಕು. ಬೇರೆಯವರು ಬಿಟ್ಟರೆ ಅದು ಆಗುವುದಿಲ್ಲ" ಎಂದರು.

ನಾನು ಹೊದಿಕೆಯನ್ನು ಮಡಚಿ ಬದಿಗಿಟ್ಟು, "ಹತ್ತಿ ಟೀಚರ್" ಎಂದೆ.

ಆ ಕಾರಿಗೆ ಹತ್ತುವುದು ಎಂದರೆ ಇಳಿಯುವುದು. ಚೂಡಿದಾರ ಹಾಕಿದ್ದ ಟೀಚರ್ ಸಲೀಸಾಗಿ ಒಳಗೆ ಜಾರಿದರು. ನಾನು ಮಾತ್ರ ಹೊಟ್ಟೆ ಒಂದು ಕಡೆ, ಮೊಣಕಾಲು ಒಂದು ಕಡೆ ಮಾಡಿಕೊಂಡು ದೊಪ್ಪನೆ ಬಿದ್ದೆ. ಎಡಗಡೆ ಕಾಲಿಡುವಲ್ಲಿ ಒಂದು ತೆಳ್ಳಗಿನ ಅಲ್ಯೂಮಿನಿಯಂ ತಗಡು ಓರೆಯಾಗಿ ನಿಂತಿತ್ತು. ಅದರಲ್ಲೂ ತೂತುಗಳು. ಪೆಡಲು ಇರಲಿಲ್ಲ.

ಟೀಚರ್ ಕಾರು ಚಾಲೂ ಮಾಡಿ ಮೊದಲ ಗೇರಿಗೆ ಹಾಕಿ ಅಂಗಳದಲ್ಲಿ ಹತ್ತು ಗಜ ಬಂದರು. "ನಿಲ್ಲಿಸಿ" ಎಂದೆ. ಅವರು ಬ್ರೇಕ್ ಒತ್ತಿದರು. ಕಾರು ನಿಲ್ಲಲಿಲ್ಲ. ಹಾಯಾಗಿ ಮುಂದೆ ಹೋಗಿ, ಮೂಲೆಯಲ್ಲಿ ರಾಶಿ ಹಾಕಿದ್ದ ತೆಂಗಿನಕಾಯಿ ಸಿಪ್ಪೆಯೊಳಗೆ ಮೂತಿ ತೂರಿಸಿ ಆಫ್ ಆಯಿತು. ಎರಡು ಸಿಪ್ಪೆ ಉರುಳಿ ನನ್ನ ತೊಡೆಯ ಮೇಲೆ ಬಿದ್ದವು. ಅದೃಷ್ಟಕ್ಕೆ ಗೀರು ಕೂಡ ಆಗಲಿಲ್ಲ.

ಟೀಚರ್ ಸ್ಟೀಯರಿಂಗ್ ಬಿಡದೆ ಬ್ರೇಕನ್ನು ಇನ್ನೊಮ್ಮೆ ಒತ್ತಿ ನೋಡಿದರು.

"ಮಾಷ್ಟ್ರೆ, ನಿಮ್ಮ ಕಾರಿನಲ್ಲೂ ನಾನು ಇಷ್ಟೇ ಒತ್ತುತ್ತಿದ್ದೆ. ಅದು ನಿಲ್ಲುತ್ತಿತ್ತು. ಇದು ಯಾಕೆ ನಿಲ್ಲಲಿಲ್ಲ?"

"ಇದರ ಬ್ರೇಕ್ ಗಟ್ಟಿ ಉಂಟು ಟೀಚರ್. ನಮ್ಮ ಕಾರುಗಳಲ್ಲಿ ಕಾಲಿಗೆ ಸಹಾಯ ಮಾಡುವ ಬೂಸ್ಟರ್ ಇರ್ತದೆ, ಇದರಲ್ಲಿ ಅದನ್ನೂ ತೆಗೆದಿದ್ದಾರೆ."

ಅದು ನಿಜ, ಆದರೆ ಅರ್ಧ ನಿಜ. ಅವರು ನನ್ನ ಮುಖ ನೋಡಲಿಲ್ಲ, ನನ್ನ ಕಾಲು ನೋಡಿದರು. ನನ್ನ ಬಲಗಾಲು ಆ ತಗಡನ್ನು ಇನ್ನೂ ಒತ್ತಿಕೊಂಡೇ ಇತ್ತು.

"ನಿಮ್ಮ ಕಾಲು ಅಲ್ಲಿ ಎಂತ ಮಾಡ್ತಾ ಉಂಟು?"

ನಾನು ಕಾಲನ್ನು ಹಿಂದಕ್ಕೆ ಎಳೆದುಕೊಂಡೆ.

"ಟೆಸ್ಟಿನ ದಿವಸ ಏರಿನಲ್ಲಿ ಕಾರು ಜಾರಲಿಲ್ಲ. ಅಷ್ಟು ದಿವಸ ಜಾರಿದ್ದು ಆ ದಿವಸ ಮಾತ್ರ ಯಾಕೆ ಜಾರಲಿಲ್ಲ ಎಂದು ನಾನು ಮನೆಗೆ ಬಂದು ಯೋಚನೆ ಮಾಡಿದ್ದೆ. ಆ ದಿವಸವೂ ನೀವೇ ಒತ್ತಿದ್ದಾ?"

ಇಲ್ಲ ಎನ್ನಬಹುದಿತ್ತು. ಗಣಿತದ ಟೀಚರಿನ ಎದುರು ಸುಳ್ಳು ಹೇಳುವ ಧೈರ್ಯ ನನಗೆ ಶಾಲೆಯ ದಿನಗಳಲ್ಲೂ ಇರಲಿಲ್ಲ. "ಒತ್ತಿದ್ದೆ ಟೀಚರ್. ಬೇಕೆಂದು ಅಲ್ಲ, ಕಾಲೇ ಹೋಯಿತು" ಎಂದೆ.

"ಇಪ್ಪತ್ತೆಂಟು ವರ್ಷ ಪರೀಕ್ಷೆಯ ಕೋಣೆಯಲ್ಲಿ ನಿಂತಿದ್ದೇನೆ ನಾನು. ಅಳುವ ಮಕ್ಕಳನ್ನು ನೋಡಿದ್ದೇನೆ. ಒಬ್ಬರಿಗೂ ಒಂದು ಉತ್ತರ ಹೇಳಿಕೊಟ್ಟಿಲ್ಲ. ಈ ಪ್ರಾಯದಲ್ಲಿ ನನ್ನಿಂದಲೇ ಕಾಪಿ ಹೊಡೆಸಿದಿರಲ್ಲ ಮಾರಾಯ್ರೆ."

ಅವರು ಇಳಿದು ಒಳಗೆ ಹೋದರು. ನಾನು ಅಂಗಳದಲ್ಲಿ ಸಿಪ್ಪೆಗಳನ್ನು ಮತ್ತೆ ರಾಶಿ ಹಾಕುತ್ತಾ ನಿಂತೆ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ನನ್ನ ಹತ್ತಿರ ಕಲಿತು ಹೋದವರಲ್ಲಿ ಎಷ್ಟು ಮಂದಿ ಮೊದಲ ಸಲ ಒಬ್ಬರೇ ಹೋಗುವಾಗ ಹೀಗೆ ಒತ್ತಿ, ಕಾರು ನಿಲ್ಲದೆ ಬೆಚ್ಚಿದ್ದರೋ ಎಂದು ಆವತ್ತು ಯೋಚಿಸಿದೆ. ಅವರಲ್ಲಿ ಯಾರೂ ಬಂದು ನನ್ನನ್ನು ಕೇಳಿರಲಿಲ್ಲ. ಆ ಕಾರು ಮಾಡಿದವರು ಬೇಡದ್ದನ್ನೆಲ್ಲ ಒಂದೊಂದಾಗಿ ತೆಗೆದಿದ್ದರು. ನಾನು ನನ್ನ ಕಾರಿನಲ್ಲಿ ಕೂತು ಒಂದು ಬೇಡದ ಕಾಲನ್ನು ಸೇರಿಸಿ ಅದನ್ನು ಕಲಿಸುವುದು ಎಂದುಕೊಂಡಿದ್ದೆ.

ಕಾಲು ಗಂಟೆಯ ಮೇಲೆ ಟೀಚರ್ ಪುನರ್ಪುಳಿ ಶರಬತ್ತಿನ ಎರಡು ಲೋಟ, ಒಂದು ಚಾಕ್‌ಪೀಸಿನ ಪೆಟ್ಟಿಗೆ ಹಿಡಿದುಕೊಂಡು ಬಂದರು. ಅವರ ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

"ಆ ಲೈಸನ್ಸ್ ನನ್ನದಲ್ಲ. ಇನ್ನು ಹದಿನೆಂಟು ದಿವಸ ಉಂಟು. ಮತ್ತೆ ಮೊದಲಿನಿಂದ ಕಲಿಯುವ. ನೀವು ಎರಡೂ ಕಾಲು ಹಿಂದಕ್ಕೆ ಮಡಚಿ ಕೂತ್ಕೊಳ್ಳಬೇಕು" ಎಂದರು.

ಅಲ್ಲಿಂದ ಮುಂದೆ ಯಾರು ಯಾರಿಗೆ ಮೇಷ್ಟ್ರು ಎಂದು ನನಗೆ ಗೊತ್ತಾಗಲಿಲ್ಲ. ಸಮುದ್ರದ ಬದಿಗೆ ಹೋಗುವ ಒಂದು ಕಾಂಕ್ರೀಟ್ ರಸ್ತೆಯನ್ನು ಅವರೇ ಆರಿಸಿದರು. ಬೆಳಿಗ್ಗೆ ಆರರಿಂದ ಏಳರವರೆಗೆ ಅಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸರನ್ನು ಬಿಟ್ಟರೆ ಬೇರೆ ಓಡಾಟವಿಲ್ಲ. ರಸ್ತೆಗೆ ಅಡ್ಡ ಒಂದು ಗೆರೆ ಎಳೆದು, ಅಲ್ಲಿಗೆ ಬಂದಾಗ ಬ್ರೇಕ್ ಒತ್ತುತ್ತಿದ್ದರು. ಕಾರು ನಿಂತಲ್ಲಿ ನಾನು ಇಳಿದು ಇನ್ನೊಂದು ಗೆರೆ ಎಳೆಯಬೇಕು. ಇಳಿಯುವುದು, ಹತ್ತುವುದು, ಅದೇ ನನಗೆ ದೊಡ್ಡ ವ್ಯಾಯಾಮವಾಯಿತು. ಎರಡು ಗೆರೆಗಳ ನಡುವೆ ಎಷ್ಟು ಹೆಜ್ಜೆ ಎಂದು ಅವರು ನಡೆದು ನೋಡಿ ಬರೆದುಕೊಳ್ಳುತ್ತಿದ್ದರು. ಮೊದಲ ದಿನ ಹದಿನೇಳು ಹೆಜ್ಜೆ. ಎರಡನೇ ದಿನ ಹದಿನಾರು.

ಕಾಲು ಮಡಚಿ ಕೂರುವುದು ಎಷ್ಟು ಕಷ್ಟವೆಂದು ಹೇಳಿದರೆ ಯಾರೂ ನಂಬುವುದಿಲ್ಲ. ಎರಡು ನಿಮಿಷ ಇಟ್ಟ ಹಾಗೆ ಇರುತ್ತಿತ್ತು, ಗೆರೆ ಹತ್ತಿರ ಬಂದಾಗ ನನಗೆ ತಿಳಿಯದೆಯೇ ಮುಂದೆ ಹೋಗಿ ತಗಡನ್ನು ಒತ್ತುತ್ತಿತ್ತು. ಟೀಚರ್ ರಸ್ತೆಯಿಂದ ಕಣ್ಣು ತೆಗೆಯದೆ "ಮಾಷ್ಟ್ರೆ, ಕಾಲು" ಎನ್ನುತ್ತಿದ್ದರು. ನಾನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಮೀನಿನ ಹೆಂಗಸರಿಗೆ ಇದೆಲ್ಲ ದೊಡ್ಡ ತಮಾಷೆ. "ಇಷ್ಟು ಸಣ್ಣ ಕಾರು ನಿಲ್ಲಿಸಲಿಕ್ಕೆ ಇಬ್ಬರು ಬೇಕಾ?" ಎಂದು ಒಬ್ಬಳು ಕೇಳಿದಳು.

ಹದಿನಾಲ್ಕನೆಯ ದಿನ ಆರು ಹೆಜ್ಜೆಗೆ ನಿಂತಿತು. ಮರುದಿನ ಟೀಚರ್ ತಮಗೆ ತಾವೇ ಪರೀಕ್ಷೆ ಇಟ್ಟುಕೊಂಡರು: ಹತ್ತು ಸಲ ಒತ್ತಬೇಕು, ಹತ್ತು ಸಲವೂ ಏಳು ಹೆಜ್ಜೆಯೊಳಗೆ ನಿಲ್ಲಬೇಕು. ಒಂಬತ್ತು ಸಲ ನಿಂತಿತು, ಒಂದು ಸಲ ಎಂಟಾಯಿತು. ನಾನು ಪಾಸು ಎಂದೆ. ಅವರು ಫೇಲ್ ಎಂದು ಬರೆದು, ಮರುದಿನ ಮತ್ತೆ ಹತ್ತು ಸಲ ಮಾಡಿ ಪಾಸಾದರು.

ಶುಕ್ರವಾರ ಕಾರ್ಕಳಕ್ಕೆ ಹೊರಟೆವು. ಆದಿತ್ಯವಾರ ಲಾರಿ ಬರುವುದಿತ್ತು. ಆಕಾಶದಲ್ಲಿ ಮೋಡ ಕಟ್ಟಿತ್ತು. ಕಾರಿಗೆ ಮೇಲೆ ಎಳೆಯುವ ಒಂದು ಬಟ್ಟೆ ಇತ್ತು, ಆದರೆ ಅದನ್ನು ಸಿಕ್ಕಿಸುವ ಉಪಾಯ ಟೀಚರಿನ ಗಂಡನಿಗೆ ಮಾತ್ರ ಗೊತ್ತಿತ್ತು. ಲೈಸನ್ಸ್ ಆದ ಮೇಲೂ ಟೀಚರ್ ಕಾರಿನ ಹಿಂದೆ ಮುಂದೆ ಕೆಂಪು ಟೇಪಿನಲ್ಲಿ ಎಲ್ ಎಂದು ಅಂಟಿಸಿದ್ದರು. ಲೋಕದಲ್ಲಿ ಕೆಲವೇ ಕೆಲವು ಇರುವ ಕಾರಿನ ಮೇಲೆ ಆ ಕೆಂಪು ಎಲ್ ನೋಡಿ ನನಗೆ ನಗು ಬಂತು, ನಗಲಿಲ್ಲ. ನಗುವುದರ ಫಲ ನನಗೆ ಮನೆಯಲ್ಲೇ ಗೊತ್ತಿತ್ತು.

ಹೆದ್ದಾರಿಯಲ್ಲಿ ಲಾರಿಗಳ ಚಕ್ರ ನಮ್ಮ ತಲೆಗಿಂತ ಎತ್ತರದಲ್ಲಿ ತಿರುಗುತ್ತಿದ್ದವು. ಮೀನಿನ ಲಾರಿಯೊಂದು ಮುಂದೆ ಹೋಗುವಾಗ ಅದರ ನೀರು ಇಬ್ಬರ ಮುಖಕ್ಕೂ ಸಿಡಿಯಿತು. ಟೀಚರ್ ಒರೆಸಿಕೊಳ್ಳಲಿಲ್ಲ, ಎರಡೂ ಕೈ ಸ್ಟೀಯರಿಂಗಿನ ಮೇಲೆಯೇ ಇದ್ದವು. ಪಡುಬಿದ್ರಿಯಲ್ಲಿ ಎಡಕ್ಕೆ ತಿರುಗಿದೆವು. ಪ್ರತಿ ಹಂಪಿನಲ್ಲೂ ನಾನು ಹೇಳುವ ಮೊದಲೇ ಅವರು ಕಾರನ್ನು ಓರೆ ಮಾಡಿ ಒಂದೊಂದೇ ಚಕ್ರ ಹತ್ತಿಸಿದರು. ತಳ ಒಮ್ಮೆಯೂ ತಾಗಲಿಲ್ಲ.

ನಿಟ್ಟೆ ಹತ್ತಿರ ಕಾಲೇಜು ಬಿಡುವ ಹೊತ್ತು. ನಮ್ಮ ಮುಂದೆ ಒಂದು ಬಸ್ಸು ಹೋಗುತ್ತಿತ್ತು. ಕೈ ತೋರಿಸಿದ ವಿದ್ಯಾರ್ಥಿಗಳನ್ನು ಕಂಡು ಅದು ರಸ್ತೆಯ ನಡುವಿನಲ್ಲೇ ಗಕ್ಕನೆ ನಿಂತಿತು. ಬಸ್ಸಿನ ಹಿಂಭಾಗ ಗೋಡೆಯ ಹಾಗೆ ನಮ್ಮ ಮೇಲೆ ಬರುವುದು ಕಂಡಿತು. ನನ್ನ ಕಾಲಿಗೆ ಹದಿನಾರು ದಿನದ ಪಾಠ ಮರೆತೇಹೋಯಿತು. ಇದ್ದಬದ್ದ ಬಲ ಹಾಕಿ ತಗಡನ್ನು ಒತ್ತಿದೆ. ಅದು ನನ್ನ ಹಿಮ್ಮಡಿಯ ಕೆಳಗೆ ಮೆಲ್ಲಗೆ ಬಗ್ಗುತ್ತಾ ಹೋದದ್ದು ಗೊತ್ತಾಯಿತು. ಅಲ್ಲಿ ಏನೂ ಇರಲಿಲ್ಲ. ನನ್ನಿಂದ ಏನೂ ಆಗುವುದಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

ತೆರೆದಾಗ ಕಾರು ನಿಂತಿತ್ತು. ಬಸ್ಸಿನ ಬಂಪರಿಗೂ ನಮಗೂ ನಡುವೆ ಒಬ್ಬ ಮನುಷ್ಯ ಹಾದುಹೋಗುವಷ್ಟು ಜಾಗವಿತ್ತು. ಟೀಚರಿನ ಕಾಲು ಬ್ರೇಕನ್ನು ಇನ್ನೂ ಬಿಟ್ಟಿರಲಿಲ್ಲ. ಬಸ್ಸಿನ ಹಿಂಬಾಗಿಲಿನಿಂದ ಕಂಡಕ್ಟರ್ ಬಗ್ಗಿ ಕೆಳಗೆ ನೋಡಿದ. ನಲವತ್ತರ ಆಸುಪಾಸಿನ ದೊಡ್ಡ ಮೀಸೆಯವನು.

"ಅಯ್ಯೋ, ಟೀಚರ್! ನೀವಾ? ಎಂತ ಮಾರಾಯ್ರೆ ಇದು!"

ಟೀಚರ್ ತಲೆ ಎತ್ತಿ ಅವನನ್ನು ಗುರುತು ಹಿಡಿದರು. "ನಡು ರಸ್ತೆಯಲ್ಲಿ ನಿಲ್ಲಿಸುವುದಾ? ಬದಿಗೆ ತೆಗೆಸು ಮೊದಲು" ಎಂದರು. ಆ ಮೀಸೆಯವನು ಆಯಿತು ಟೀಚರ್ ಎಂದು ಶಿಳ್ಳೆ ಹೊಡೆದು ಬಸ್ಸನ್ನು ಬದಿಗೆ ಹಾಕಿಸಿದ.

ಕಾರ್ಕಳ ಬಸ್‌ಸ್ಟ್ಯಾಂಡಿನ ಎದುರು, ಒಂದು ಮೊಬೈಲ್ ಅಂಗಡಿಯ ಮುಂದೆ ಟೀಚರ್ ಕಾರು ನಿಲ್ಲಿಸಿದರು. ಬೂತು ಇದ್ದದ್ದು ಅಲ್ಲೇ. ಗಂಟೆ ನಾಲ್ಕು ಮುಕ್ಕಾಲು. ಜನ ಸೇರಿ ಫೋಟೋ ತೆಗೆಯತೊಡಗಿದರು. ಟೀಚರ್ ಇಳಿಯಲಿಲ್ಲ. ಎಂಜಿನ್ ಆಫ್ ಮಾಡಿ, ಆ ಲೋಹದ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಅಂಗಡಿಯ ಕಡೆ ನೋಡುತ್ತಾ ಕುಳಿತರು. ಮೂರು ನಿಮಿಷ ಇರಬಹುದು, ನಾಲ್ಕು ಇರಬಹುದು. ಕಣ್ಣಿಂದ ನೀರು ಇಳಿಯುತ್ತಿತ್ತು. ಎದುರು ನಿಂತವರು ಕ್ಯಾಮೆರಾ ಕೆಳಗಿಳಿಸಿದರು, ಅದನ್ನು ನಾನು ಮರೆಯುವುದಿಲ್ಲ. ಆಮೇಲೆ ಅವರು "ಹೋಗುವ ಮಾಷ್ಟ್ರೆ" ಎಂದು ಚಾಲೂ ಮಾಡಿದರು. ಬೆಳ್ಮಣ್ಣಿನಲ್ಲಿ ಮಳೆ ಹಿಡಿಯಿತು. ಇಬ್ಬರೂ ತೊಪ್ಪೆಯಾಗಿ ಕಾಪು ತಲುಪಿದೆವು.

ಆದಿತ್ಯವಾರ ನಾನೂ ಹೋಗಿದ್ದೆ, ಕರೆದಿದ್ದರು. ಬೆಂಗಳೂರಿನವರು ಸಜ್ಜನ, ಕಾರಿನ ಬಗ್ಗೆ ಬಹಳ ತಿಳಿದವರು. ಟಾರ್ಚ್ ಹಿಡಿದು ಮೂಲೆಮೂಲೆ ನೋಡಿದರು. ಎಡಗಡೆ ಬಗ್ಗಿ ನೋಡಿದವರು ತಲೆ ಎತ್ತಿದರು.

"ಮೇಡಂ, ಈ ಪ್ಲೇಟ್ ಯಾಕೆ ಹೀಗೆ ಬಗ್ಗಿದೆ? ಆಕ್ಸಿಡೆಂಟ್ ಏನಾದ್ರೂ ಆಗಿತ್ತಾ?"

ನಾನು ನೆಲ ನೋಡಿದೆ.

"ಆಕ್ಸಿಡೆಂಟ್ ಎಂತ ಇಲ್ಲ. ಅದು ನಮ್ಮ ಮಾಷ್ಟ್ರು ಬ್ರೇಕ್ ಹಾಕಿದ್ದು" ಎಂದರು ಟೀಚರ್.

"ಅಲ್ಲಿ ಬ್ರೇಕೇ ಇಲ್ವಲ್ಲ ಮೇಡಂ?"

"ಇಲ್ಲ ಅಲ್ವಾ? ಹಾಗಾಗಿ ನಾನೇ ಹಾಕಿದೆ."

ಲಾರಿ ಹೆದ್ದಾರಿ ಸೇರುವ ತನಕ ಅವರು ಗೇಟಿನ ಬಳಿ ನಿಂತಿದ್ದರು. ಕೆಂಪು ಎಲ್ ಅನ್ನು ಕೀಳಲು ಮರೆತಿದ್ದರೋ ಬೇಕೆಂದೇ ಬಿಟ್ಟಿದ್ದರೋ, ಅದು ಹಾಗೆಯೇ ಹೋಯಿತು.

ಆ ಸಂಜೆ ಕೆಮ್ಮಣ್ಣಿಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಟೆಸ್ಟಿನ ವಿಷಯವನ್ನೂ. ಆಮೇಲೆ, ಮದುವೆಯ ಮೂರನೇ ವರ್ಷ ನಕ್ಕದ್ದು ತಪ್ಪಾಯಿತು ಎಂದೆ. ಅವಳು ಮೀನು ಹುರಿಯುತ್ತಿದ್ದಳು. ಕಾವಲಿಯ ಮೇಲಿನದನ್ನು ಮಗುಚಿ ಹಾಕಿ, "ನೀವು ಹಿಂದೆ ಕೂತರೆ ಕಲಿಯುತ್ತೇನೆ" ಎಂದಳು.

ಈಗ ಅವಳಿಗೂ ಲೈಸನ್ಸ್ ಉಂಟು. ಕಲಿಸಿದ್ದು ನಾನಲ್ಲ, ಉಡುಪಿಯ ಇನ್ನೊಂದು ಶಾಲೆಯ ಒಬ್ಬಳು ಹುಡುಗಿ. ಮೊದಲ ಬಾರಿ ನಮ್ಮ ಮನೆಯ ಕಾರನ್ನು ಹೆಂಡತಿ ಹೊರಗೆ ತೆಗೆದ ದಿನ ನಾನು ಹಿಂದಿನ ಸೀಟಿನಲ್ಲಿ ಕೈಕಟ್ಟಿ ಕುಳಿತಿದ್ದೆ. ನಮ್ಮ ಕಡೆಯ ರಸ್ತೆ ಅಗಲ ಕಿರಿದು, ಎರಡೂ ಬದಿ ಹಿನ್ನೀರು. ಎದುರಿನಿಂದ ತೆಂಗಿನಕಾಯಿ ತುಂಬಿದ ಟೆಂಪೋ ಬಂತು.

"ನನ್ನ ಸೀಟಿಗೆ ಒದೀಬೇಡಿ" ಎಂದಳು ಅವಳು, ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ. "ಬ್ರೇಕ್ ನಾನು ಹಾಕಿ ಆಯ್ತು."